ಉಗುರು ಇಳಿಯುವ ಸೀಸ

ತಮಿಳುನಾಡಿನ ಕಂಬಂ ಕಣಿವೆಯ ಕೊಂಬೈ ಊರಿನಲ್ಲಿ ಸರಸುವಿನ ಬಲಗೈ ಹೆಬ್ಬೆರಳ ಉಗುರಿಗೆ ಇರುವ ಬೆಲೆ ಯಾವ ಆಫೀಸಿನ ಮೊಹರಿಗೂ ಇಲ್ಲ. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಉಳಿದ ಒಂಬತ್ತು ಉಗುರನ್ನು ಮೊಂಡಾಗಿ ಕತ್ತರಿಸಿಕೊಳ್ಳುವ ಆಕೆ ಅದೊಂದನ್ನು ಮಾತ್ರ ಅಕ್ಕಿಕಾಳಿನಷ್ಟು ಉದ್ದ ಬಿಟ್ಟಿರುತ್ತಾಳೆ. ಯಾರಾದರೂ ಒಂದು ತುಂಡು ಸೀಸ ತಂದು ಕೊಟ್ಟರೆ ಅದರ ಮೇಲೆ ಆ ಉಗುರನ್ನು ಒತ್ತಿ ಎಳೆಯುತ್ತಾಳೆ. ಗೆರೆ ಬಿದ್ದರೆ ಮೆದು, ಬೀಳದಿದ್ದರೆ ಗಟ್ಟಿ. ಅನುಮಾನ ಬಂದರೆ ತುಂಡನ್ನು ಒರಳುಕಲ್ಲಿನ ಮೇಲೆ ಕೆಡವಿ ಸದ್ದು ಕೇಳುತ್ತಾಳೆ. ಮೆದು ಸೀಸ ಒದ್ದೆ ಮಣ್ಣಿನ ಹಾಗೆ ದಬ್ ಎಂದು ಬೀಳುತ್ತದೆ, ಗಟ್ಟಿಯದು ಸಣ್ಣಗೆ ಟಣ್ ಎನ್ನುತ್ತದೆ.

ಅವಳು ಮಾಡುವುದು ತೂಗುಗುಂಡು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಅದು. ಹೊರಗೆ ಹಿತ್ತಾಳೆಯ ತೆಳು ಚಿಪ್ಪು, ಒಳಗೆ ಸೀಸದ ತಿರುಳು. ಚಿಪ್ಪುಗಳನ್ನು ದಿಂಡಿಗಲ್‌ನಲ್ಲಿ ಬೀಗದ ಬಿಡಿಭಾಗ ಕಡೆಯುವ ಒಬ್ಬರ ಹತ್ತಿರ ಮಾಡಿಸಿ ತರುತ್ತಾಳೆ. ತಿರುಳು ಮಾತ್ರ ಅವಳದೇ ಕೈಯ ಕೆಲಸ. ಕಾಯಿಸಿದ ಸೀಸವನ್ನು ಚಿಪ್ಪಿಗೆ ಹೊಯ್ದರೆ ಮುಗಿಯಿತು ಎಂದುಕೊಳ್ಳುವವರು ಇದ್ದಾರೆ. ಅಷ್ಟು ಸಲೀಸಾಗಿದ್ದರೆ ನಾನೂ ನೀವೂ ಮಾಡುತ್ತಿದ್ದೆವು. ಸೀಸ ಆರುವಾಗ ಕುಗ್ಗುತ್ತದೆ, ಚಿಪ್ಪಿಗೂ ತಿರುಳಿಗೂ ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಆರಿದ ಮೇಲೆ ಕಬ್ಬಿಣದ ಗೂಟವಿಟ್ಟು ಮೇಲಿನಿಂದ ಬಡಿದು ಆ ಸೀಸವನ್ನು ಚಿಪ್ಪಿನ ತುಂಬ ಹರಡಿಸಬೇಕು. ಮೆದು ಸೀಸ ಏಟಿಗೆ ಹರಡಿ ಹಿತ್ತಾಳೆಗೆ ಕಚ್ಚಿಕೊಳ್ಳುತ್ತದೆ. ಗಟ್ಟಿ ಸೀಸ ಹರಡುವುದಿಲ್ಲ. ಹಟ ಮಾಡಿ ಬಡಿದರೆ ಚಿಪ್ಪೇ ಸೀಳುತ್ತದೆ.

ಈ ವಿದ್ಯೆ ಬಂದದ್ದು ಗಂಡ ಮಣಿಕಂಡನ್‌ನಿಂದ. ಟೆಲಿಫೋನ್ ಇಲಾಖೆಯಲ್ಲಿ ನೆಲದಡಿಯ ತಂತಿಗೆ ಜೋಡಣೆ ಹಾಕುತ್ತಿದ್ದ ಆತ, ಹಳೆಯ ತಂತಿಯ ಮೇಲಿನ ಸೀಸದ ಹೊದಿಕೆ ಹರಾಜಿಗೆ ಬಂದಾಗಲೆಲ್ಲ ಕೊಂಡು ತರುತ್ತಿದ್ದ. ಬೆಣ್ಣೆಯಂಥ ಸೀಸ ಅದು. ಅವನು ಹೋಗಿ ಏಳು ವರ್ಷವಾಯಿತು. ಹೊದಿಕೆಯ ತಂತಿಗಳೂ ಹೋದವು. ಈಗ ಗುಜರಿ ಅಂಗಡಿಗಳಲ್ಲಿ ಸಿಗುವುದೆಲ್ಲ ಬ್ಯಾಟರಿಯ ಸೀಸ, ಲಾರಿ ಚಕ್ರದ ಸಮತೂಕಕ್ಕೆ ಬಡಿಯುವ ಸೀಸ. ಎಲ್ಲವೂ ಗಟ್ಟಿ. ಸರಸು ನಿಲಕ್ಕೋಟ್ಟೈ, ಪೆರಿಯಕುಳಂ ಎಂದು ಬಸ್ಸು ಹತ್ತಿ ಇಳಿದು, ಗುಜರಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ತುಂಡು ತುಂಡಿಗೂ ಉಗುರು ಹಾಕಿ ನೋಡುತ್ತಾಳೆ. ಒಂದು ಮೂಟೆ ಜಾಲಾಡಿದರೆ ಒಂದು ಬೊಗಸೆ ಸಿಕ್ಕೀತು. ಅಂಗಡಿಯವರು ಮೊದಲು ಹುಚ್ಚಿ ಎಂದರು, ಆಮೇಲೆ ಕೂರಲು ಮಣೆ ಕೊಟ್ಟರು.

ಅರವತ್ತು ದಾಟಿದ ಹೆಂಗಸು, ಬೆಟ್ಟದ ಗಾಳಿಗೆ ಬೆನ್ನು ಕೊಟ್ಟು ಹಿತ್ತಲಲ್ಲಿ ಕುಲುಮೆ ಹಚ್ಚಿ, ಕೆಲಸ ಮುಗಿಯುವ ತನಕ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕದೆ, ಆಮೇಲೆ ಮೊಣಕೈವರೆಗೆ ಮೂರು ಸಲ ಸೋಪು ಹಾಕಿ ತೊಳೆಯುವುದನ್ನು ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ. ಕಂಬಂ ಕಣಿವೆಯ ಗಾರೆಯವರು ಯಾರೇ ಆಗಲಿ ಸರಸಕ್ಕನ ಗುಂಡನ್ನು ಕೊಂಡ ಕೂಡಲೇ ದಾರಕ್ಕೆ ಕಟ್ಟಿ ಗಿರ್ರನೆ ಸುತ್ತಿ ಬಿಡುತ್ತಾರೆ. ಸುತ್ತುವಾಗ ಕೆಳಗಿನ ಮೊನೆ ಒಂದೇ ಕಡೆ ನಿಂತರೆ ಗುಂಡು ಸರಿ, ದುಂಡಗೆ ಅಲೆದರೆ ತಿರುಳು ಓರೆ. ಅವಳ ಗುಂಡು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ, ಹೋದ ವರ್ಷದವರೆಗೆ.

ಹೋದ ವರ್ಷ ಏನಾಯಿತೆಂದರೆ, ಸರಸುವಿನ ಕುಲದವರ ಹಳೆಯ ಮಣ್ಣಿನ ಸಾವಡಿ ಕುಸಿಯಿತು. ಆ ಊರಿನ ಕನ್ನಡ ಮನೆಮಾತಿನ ಒಕ್ಕಲು ಮಕ್ಕಳಿಗೆ ಸಾವಡಿ ಎಂದರೆ ಬರಿ ಕಟ್ಟಡವಲ್ಲ. ಅಲ್ಲಿ ಕರಿಯ ಕಂಬಳಿ ಹಾಸಿ, ಅದರ ಮೇಲೆ ನೀರು ತುಂಬಿ ಬೇವಿನ ಸೊಪ್ಪು ಹಾಕಿದ ಕಳಸವಿಟ್ಟು, ಸುತ್ತ ಕುಳಿತು ಕುಲದ ನ್ಯಾಯ ತೀರಿಸುವುದು ಅಜ್ಜಂದಿರ ಕಾಲದ ಕಟ್ಟು. ಕಂಬಳಿಯ ಮುಂದೆ ಸುಳ್ಳು ಹೇಳಬಾರದು. ಹೊಸ ಸಾವಡಿ ಕಟ್ಟಬೇಕೆಂದು ತೀರ್ಮಾನವಾದಾಗ ಕೆಲಸ ಜೆಯಕುಮಾರ್‌ಗೆ ಬಂತು. ಅದೇ ಕುಲದ ಗಾರೆ ಮೇಸ್ತ್ರಿ ಅವನು, ಐವತ್ತೈದರ ಮನುಷ್ಯ. ಊರೂರಲ್ಲಿ ಅವರಿವರ ಮನೆ ಕಟ್ಟಿ ತನ್ನವರಿಗಾಗಿ ಒಂದು ಕಲ್ಲನ್ನೂ ಇಟ್ಟಿಲ್ಲವಲ್ಲ ಎಂದು ಕೊರಗುತ್ತಿದ್ದವನಿಗೆ ಇದು ಜನ್ಮದ ಕೆಲಸ.

ಸಾವಡಿಗೆಂದೇ ಒಂದು ದೊಡ್ಡ ತೂಗುಗುಂಡು ಆಗಬೇಕೆಂದು ಸರಸುವಿಗೆ ಹೇಳಿಕಳಿಸಿದರು. ಅಲ್ಲೇ ತಪ್ಪಿದ್ದು. ಗುಡಿಗೆ ಗಂಟೆ ಎರೆಯುವಾಗ ಮನೆಮನೆಯಿಂದ ಚೂರು ಹಿತ್ತಾಳೆ ಕೊಟ್ಟು ಪಾತ್ರೆಗೆ ಹಾಕುವುದು ಅವರಲ್ಲಿ ರೂಢಿ. ಹಾಗೆಯೇ ಈ ಗುಂಡಿಗೂ ಮನೆಗೊಂದು ಚೂರು ಸೀಸ ಬೀಳಬೇಕೆಂದು ಯಾರೋ ಅಂದರು. ಊರೆಲ್ಲ ಹೌದು ಹೌದು ಅಂದಿತು. ಒಂದು ಬೆಳಿಗ್ಗೆ ನೂರಾ ಹನ್ನೆರಡು ಮನೆಯವರು ಎಲೆಯಲ್ಲಿ ಅರಿಶಿನ ಕುಂಕುಮದ ಜೊತೆ ಸೀಸ ಇಟ್ಟುಕೊಂಡು ಸರಸುವಿನ ಹಿತ್ತಲಿಗೆ ಬಂದರು. ಮೀನು ಬಲೆಯ ಗುಂಡು, ಬ್ಯಾಟರಿಯ ತಟ್ಟೆ, ಚಕ್ರದ ತುಂಡು, ಹಳೆಯ ಆಟಿಕೆಯ ಕಾಲು, ಏನುಂಟು ಏನಿಲ್ಲ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರೆ, ಇಲ್ಲಿ ನೂರು ಮನೆ ಸೇರಿತ್ತು.

ಸರಸುವಿನ ಉಗುರು ಸುಮ್ಮನಿರಲಿಲ್ಲ. ಎಲೆಯಿಂದ ಎತ್ತುವಾಗಲೇ ಇದು ಗಟ್ಟಿ, ಇದೂ ಗಟ್ಟಿ ಎಂದು ಹೇಳುತ್ತಲೇ ಇತ್ತು. ಗಟ್ಟಿ ಸೀಸ ಉಪ್ಪಿನ ಹಾಗೆ, ಒಂದು ಹಿಡಿ ಬಿದ್ದರೆ ಇಡೀ ಪಾತ್ರೆಯ ಗುಣ ಕೆಡುತ್ತದೆಂದು ಅವಳಿಗೆ ಗೊತ್ತು. ಆದರೆ ಮಡಿಯುಟ್ಟು, ಕಣ್ಣಲ್ಲಿ ಭಕ್ತಿ ತುಂಬಿಕೊಂಡು ನಿಂತವರಿಗೆ ನಿಮ್ಮ ಮನೆಯದು ಬೇಡ ಎಂದು ಹೇಗೆ ಹೇಳುವುದು? ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆಯನ್ನು ಅವಳೇ ಎಷ್ಟೋ ಜನರಿಗೆ ಹೇಳಿದ್ದಳು. ಅವತ್ತು ತನಗೆ ಹೇಳಿಕೊಳ್ಳಲಿಲ್ಲ. ಎಲ್ಲವನ್ನೂ ಪಾತ್ರೆಗೆ ಹಾಕಿದಳು. ಹೊಯ್ದು ಆರಿಸಿ ಗೂಟವಿಟ್ಟು ಬಡಿದಾಗ ಬರಬೇಕಾದ ದಬ್ ಎಂಬ ಸದ್ದು ಬರಲಿಲ್ಲ. ಇನ್ನೆರಡು ಏಟು ಹಾಕಿದರೆ ಚಿಪ್ಪು ಬಿರಿಯುತ್ತದೆಂದು ನಿಲ್ಲಿಸಿದಳು. ಕೈಯಲ್ಲಿಟ್ಟು ಅಲ್ಲಾಡಿಸಿದಳು, ಆಡಲಿಲ್ಲ. ಸುತ್ತಿ ನೋಡಿದಳು, ಮೊನೆ ನಿಂತಿತು. ಸಾಕು, ಹಿಡಿದಿದೆ ಎಂದು ಮನಸ್ಸಿಗೆ ಹೇಳಿದಳು. ಮನಸ್ಸು ಒಪ್ಪಿತು, ಉಗುರು ಒಪ್ಪಲಿಲ್ಲ.

ಗೋಡೆ ಎದ್ದಿತು. ಹದಿನಾಲ್ಕು ಅಡಿ ಮುಗಿದು ಚಾವಣಿಗೆ ಸಿದ್ಧತೆ ನಡೆಯುತ್ತಿದ್ದಾಗ ದಿಂಡಿಗಲ್‌ನಿಂದ ಇಂದುಜಾ ಬಂದಳು. ಕುಲದ ಹಿರಿಯರಾದ ಸೇಕರ್ ಅವರ ತಮ್ಮನ ಮಗಳು ಆಕೆ, ಕಟ್ಟಡದ ಇಂಜಿನಿಯರ್. ಮನೆಮಾತು ಅರ್ಥವಾದರೂ ಬಾಯಿ ತೆರೆದರೆ ತಮಿಳೇ ಬರುವ ಹುಡುಗಿ. ಚಾವಣಿಯ ಭಾರ ಕೂರುವ ಮುಂಚೆ ಒಮ್ಮೆ ನೋಡಿಬಿಡುತ್ತೇನೆ ಎಂದು ಕೆಂಪು ಗೆರೆ ಬಿಡುವ ಲೇಸರ್ ಪೆಟ್ಟಿಗೆಯನ್ನು ನಿಲ್ಲಿಸಿದಳು. ನಾಲ್ಕು ಮೂಲೆಯೂ ಸೊಟ್ಟ. ಕೆಲವು ಕಡೆ ಒಂದು ಬೆರಳಗಲ. ಈ ಗೋಡೆಯ ಮೇಲೆ ಚಾವಣಿ ಕೂರಿಸಲು ತಾನು ಸಹಿ ಹಾಕಲಾರೆ ಎಂದಳು. ಆ ಹುಡುಗಿಯದು ತಪ್ಪಿಲ್ಲ, ಇದ್ದದ್ದನ್ನು ಹೇಳಿದಳು.

ಊರಿನ ಬಾಯಿ ಮಾತ್ರ ಜೆಯಕುಮಾರ್ ಮೇಲೆ ಬಿತ್ತು. ಕಣ್ಣು ಮಂಜಾಗಿದೆ ಎಂದರು, ಕೈ ನಡುಗುತ್ತದೆ ಎಂದರು, ಕುಡಿಯುತ್ತಾನೆ ಎಂದೂ ಒಬ್ಬರು ಸೇರಿಸಿದರು. ಜೀವಮಾನದಲ್ಲಿ ಕಾಫಿಗಿಂತ ಕಡಕ್ಕಾದದ್ದನ್ನು ಕುಡಿಯದ ಮನುಷ್ಯ ಅವನು. ಅವನು ಬಾಯಿ ಬಿಡಲಿಲ್ಲ. ಬಿಟ್ಟು ಗುಂಡಿನ ಮಾತೆತ್ತಿದ್ದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಿದ್ದರು. ಕೆಲಸ ಅವನ ಕೈಯಿಂದ ತೆಗೆದು ತೇನಿಯ ಬೇರೆ ಮೇಸ್ತ್ರಿಗೆ ಕೊಡುವುದೋ ಹೇಗೆ ಎಂದು ತೀರ್ಮಾನಿಸಲು ಭಾನುವಾರ ಬೆಳಿಗ್ಗೆ ಕಂಬಳಿ ಹಾಸುವುದೆಂದಾಯಿತು. ತನ್ನವರ ಸಾವಡಿಯಿಂದ ತನ್ನವರೇ ಇಳಿಸಿದ ಮೇಸ್ತ್ರಿಯನ್ನು ಆಮೇಲೆ ಕಣಿವೆಯಲ್ಲಿ ಯಾರು ಕರೆದಾರು?

ಸರಸುವಿಗೆ ಸುದ್ದಿ ಮುಟ್ಟಿದ್ದು ಶನಿವಾರ ನಿಲಕ್ಕೋಟ್ಟೈಯಿಂದ ಬರುವ ಬಸ್ಸಿನಲ್ಲಿ. ಪಕ್ಕದಲ್ಲಿ ಕುಳಿತ ಹೆಂಗಸು ಮೇಸ್ತ್ರಿಯ ಕಣ್ಣಿನ ಕಥೆ ಹೇಳುತ್ತಾ, ಒಂದು ಮೂಲೆ ಆಚೆಗೆ ವಾಲಿದೆಯಂತೆ, ಇನ್ನೊಂದು ಈಚೆಗೆ, ಮತ್ತೊಂದು ಅಡಿಯಲ್ಲಿ ಆಚೆ ಮೇಲೆ ಈಚೆ ಎಂದಳು. ಸರಸು ಮಡಿಲಿನ ಚೀಲವನ್ನು ಬಿಗಿ ಹಿಡಿದಳು. ಮಂಜಾದ ಕಣ್ಣು ಒಂದೇ ಕಡೆಗೆ ತಪ್ಪುತ್ತದೆ, ನಡುಗುವ ಕೈ ಕಲ್ಲು ಕಲ್ಲಿಗೂ ಅಂಕುಡೊಂಕು ಮಾಡುತ್ತದೆ. ಹೀಗೆ ದಿಕ್ಕು ದಿಕ್ಕಿಗೆ ಹೋಗಬೇಕಾದರೆ ಗುಂಡಿನೊಳಗೆ ತಿರುಳು ದಿನ ಕಳೆದಂತೆ ಸಡಿಲವಾಗಿ ಒಂದೊಂದು ಸಲ ಒಂದೊಂದು ಕಡೆಗೆ ಒರಗುತ್ತಿದೆ. ಗಾರೆಯವರು ಗುಂಡಿನಷ್ಟೇ ಅಗಲದ ಮರದ ಬಿಲ್ಲೆಯನ್ನು ಮೇಲೆ ಗೋಡೆಗೆ ಒತ್ತಿ ಹಿಡಿದು, ಕೆಳಗೆ ಗುಂಡಿನ ಹೊಟ್ಟೆ ಗೋಡೆಯನ್ನು ಸೋಕುತ್ತದೆಯೇ ಎಂದು ನೋಡುತ್ತಾರೆ. ತಿರುಳು ಒರಗಿದರೆ ಗುಂಡು ಓರೆಯಾಗಿ ಸೋಕುತ್ತದೆ. ಒಂದು ಗೇಣಿಗೆ ನೂಲಿನಷ್ಟು, ಹದಿನಾಲ್ಕು ಅಡಿಗೆ ಬೆರಳಿನಷ್ಟು. ಇಷ್ಟನ್ನೂ ಅವಳು ಎರಡು ಸ್ಟಾಪಿನ ನಡುವೆ ಲೆಕ್ಕ ಹಾಕಿ ಮುಗಿಸಿದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದನ್ನು ನೆನಪಿಡಿ. ಗುಂಡಿಗೆ ಅರಿಶಿನ ಹಚ್ಚಿ ಪೂಜೆಯಾಗಿತ್ತು, ಅದನ್ನು ಅನುಮಾನಿಸುವ ಎದೆ ಊರಲ್ಲಿ ಯಾರಿಗೂ ಇರಲಿಲ್ಲ. ಬಾಯಿ ತೆರೆದರೆ ಹೋಗುವುದು ಅವಳದೇ ಹೆಸರು, ಅವಳದೇ ಅನ್ನ. ಮನೆಗೆ ಹೋದವಳು ಗರಗಸಕ್ಕೆ ಹೊಸ ಅಲಗು ಹಾಕಿ ಚೀಲದಲ್ಲಿಟ್ಟಳು.

ಭಾನುವಾರ ಬೇವಿನ ಮರದಡಿ ಕಂಬಳಿ ಹಾಸಿದರು, ಕಳಸ ಇಟ್ಟರು. ಸೇಕರ್ ನಡುವೆ ಕುಳಿತರು. ಜೆಯಕುಮಾರ್ ಹೆಗಲ ಟವಲ್ಲನ್ನು ಸೊಂಟಕ್ಕೆ ಕಟ್ಟಿ ಕೈಕಟ್ಟಿ ನಿಂತಿದ್ದ. ಇಂದುಜಾ ಅಳತೆಗಳನ್ನು ಓದಿದಳು. ಸೇಕರ್ ಏನಾದರೂ ಹೇಳುವುದಿದೆಯೇ ಎಂದು ಅವನನ್ನು ಕೇಳಿದಾಗ ಅವನು ಇಲ್ಲ ಎಂದು ತಲೆಯಾಡಿಸಿದ. ಹೆಂಗಸರ ಕಡೆಯಿಂದ ಸರಸು ಎದ್ದು ಬಂದಳು. ಕಂಬಳಿಯ ಅಂಚಿಗೆ ಬಂದು ನಿಂತು, ಕಳಸಕ್ಕೆ ಕೈಮುಗಿದಳು.

"ಮಾಮಾ, ಜೆಯಕುಮಾರನ ಮೇಲೆ ತಪ್ಪು ಆಕಬ್ಯಾಡಿ. ತಪ್ಪು ಗುಂಡುದು. ಗುಂಡು ಮಾಡಿದ್ದು ನಾನು."

ಗುಜುಗುಜು ಎದ್ದಿತು. ದೇವರ ಗುಂಡಿಗೆ ತಪ್ಪು ಹೊರಿಸುವುದೇ ಎಂದು ಹಿಂದಿನಿಂದ ಯಾರೋ ಗೊಣಗಿದರು. ಸೇಕರ್ ಕೈ ಎತ್ತಿ ಸುಮ್ಮನಾಗಿಸಿ, ಒಳಗಿರುವುದು ಕಾಣದೆ ಅದನ್ನು ಹೇಗೆ ಹೇಳುತ್ತೀಯ ತಾಯಿ ಎಂದು ಕೇಳಿದರು. ಕೊಯ್ದು ತೋರಿಸುತ್ತೇನೆ ಎಂದಳು. ಪೂಜೆಯಾದ ಗುಂಡನ್ನು ಕೊಯ್ಯುವುದೆಂದರೆ ಅವರಿಗೆ ಎದೆ ಝಲ್ಲೆನ್ನುವ ಮಾತು. ಸೇಕರ್ ಕಳಸಕ್ಕೆ ಕೈಮುಗಿದು, ಆಗಲಿ ಎಂದರು.

ಗುಂಡು ತರಿಸಿ ಅವಳು ನೆಲದ ಮೇಲೆ ಕುಳಿತು ಪಾದಗಳ ನಡುವೆ ಇಟ್ಟು ಗರಗಸ ಎಳೆದಳು. ಹಿತ್ತಾಳೆಯ ಪುಡಿ ಸೀರೆಯ ಮೇಲೆ ಉದುರಿತು. ತಾನು ಬಡಿದು ಕೂರಿಸಿದ್ದನ್ನು ತಾನೇ ಕೊಯ್ಯುವಾಗ ಅವಳ ಕಣ್ಣು ತುಂಬಿತ್ತು, ಕೈ ನಿಲ್ಲಲಿಲ್ಲ. ಚಿಪ್ಪು ಸುತ್ತಲೂ ಬಿಟ್ಟುಕೊಂಡ ಮೇಲೆ ಬಗ್ಗಿಸಿ ಹಿಡಿದಳು. ತಿರುಳು ಒಣಗಿದ ತೆಂಗಿನಕಾಯಿಯಿಂದ ಗಿಟುಕು ಬೀಳುವಂತೆ ಇಡಿಯಾಗಿ ಅಂಗೈಗೆ ಬಿತ್ತು. ಅದರ ಮೈಯೆಲ್ಲ ಉಜ್ಜಿ ಉಜ್ಜಿ ನುಣ್ಣಗಾಗಿತ್ತು, ಎಷ್ಟೋ ದಿನದಿಂದ ಒಳಗೆ ಆಡುತ್ತಿದ್ದ ಗುರುತು. ಅವಳು ಅದನ್ನು ಸೇಕರ್ ಕೈಗೆ ಕೊಟ್ಟು ಉಗುರು ಹಾಕಿ ನೋಡಿ ಎಂದಳು. ಅವರ ಉಗುರು ಜಾರಿತು. ಇಂದುಜಾ ಇಸಿದುಕೊಂಡು ನೋಡಿದಳು, ಅವಳದೂ ಜಾರಿತು.

ಈಗ ಎಲ್ಲರಿಗೂ ತಿಳಿಯಿತು. ಮನೆಮನೆಯ ಸೀಸ ಅದರೊಳಗಿದೆ ಎಂಬುದೂ ನೆನಪಾಯಿತು. ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನಮ್ಮದು ಬಲೆಯ ಗುಂಡು, ಮೆದುವೇ ಇತ್ತು ಎಂದು ಒಬ್ಬಳು ಕೇಳದೇ ಇದ್ದರೂ ಹೇಳಿದಳು. ಚಕ್ರದ ತುಂಡು ಕೊಟ್ಟವರು ನೆಲ ನೋಡಿದರು. ಕಂಬಳಿಯ ಮುಂದೆ ಕೇಳಲೇಬೇಕಾದ್ದನ್ನು ಸೇಕರ್ ಕೇಳಿದರು, ಯಾರ ಮನೆಯ ಸೀಸ ಇದನ್ನು ಕೆಡಿಸಿತು ಎಂದು. ಸರಸುವಿಗೆ ಗೊತ್ತಿತ್ತು. ಎಲೆ ಎಲೆಯೂ ಗೊತ್ತಿತ್ತು. ಸೇಕರ್ ಮನೆಯ ಎಲೆಯೂ ಅದರಲ್ಲಿತ್ತು.

"ಕೊಟ್ಟವರು ಭಕ್ತಿಯಾಗಿ ಕೊಟ್ರು ಮಾಮಾ. ಸೀಸ ಯಾವುದು ಮೆದು, ಯಾವುದು ಗಟ್ಟಿ ಅಂತ ನೋಡೋದು ಅವರ ಕೆಲ್ಸ ಅಲ್ಲ, ನನ್ನ ವೇಲೆ. ನನ್ನ ಉಗುರು ಬ್ಯಾಡ ಅಂತು, ನನ್ನ ಬಾಯಿ ಬ್ಯಾಡ ಅನ್ನಲಿಲ್ಲೆ. ಆ ತಪ್ಪಿಗೆ ಒಂದೇ ಮನೆ, ನನ್ನ ಮನೆ."

ಈ ಹೆಂಗಸಿನ ಬಗ್ಗೆ ನಾನು ಇಷ್ಟೆಲ್ಲ ಹೇಳುತ್ತಿರುವುದು ಈ ಒಂದು ಮಾತಿಗಾಗಿ. ನೂರಾ ಹನ್ನೆರಡು ಮನೆಗಳ ಮೇಲೆ ಹಂಚಿಬಿಡಬಹುದಾಗಿದ್ದ ತಪ್ಪನ್ನು ಒಬ್ಬಳೇ ಮಡಿಲಿಗೆ ಹಾಕಿಕೊಂಡಳು.

ಆಗ ಅದುವರೆಗೆ ಕಲ್ಲಿನಂತೆ ನಿಂತಿದ್ದ ಜೆಯಕುಮಾರ್ ಬಾಯಿ ಬಿಟ್ಟ. ಕಂಬಳಿಯ ಮುಂದೆ ತನಗೆ ಹೇಳುವುದೇನೂ ಇಲ್ಲ ಎಂದದ್ದು ಸುಳ್ಳಾಯಿತು ಎಂದು ಮೊದಲು ಕಳಸಕ್ಕೆ ಅಡ್ಡ ಬಿದ್ದ. ಗೋಡೆ ಎದೆಮಟ್ಟಕ್ಕೆ ಬಂದಾಗಲೇ ಗುಂಡು ಓರೆಯಾಗುತ್ತಿದೆಯೇ ಎಂದು ತನಗೆ ಅನುಮಾನ ಬಂದಿತ್ತು, ಕಣ್ಣಂದಾಜಿನಲ್ಲಿ ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದೆ ಎಂದು ಒಪ್ಪಿಕೊಂಡ.

"ಸುತ್ತಿ ನೋಡಿದ್ರೆ ಒಂದು ನಿಮಿಸದಲ್ಲಿ ಗೊತ್ತಾಗ್ತಿತ್ತು. ನನಗೆ ಕೈ ಬರ್ಲಿಲ್ಲೆ. ಎಲ್ಲಾರ ಮನೆದೂ ಐತೆ, ಅಕ್ಕನ ಕೈಯಿಂದ ಬಂದೈತೆ, ಇದನ್ನ ಯಂಗೆ ಸೋದನೆ ಮಾಡೋದು ಅಂತ ಬಿಟ್ಟೆ. ನನ್ನ ಎಸರು ಓದ್ರೆ ಓಗಲಿ, ಅಕ್ಕನದು ಉಳೀಲಿ ಅಂತ ಇದ್ದೆ."

ಜನ ಕಣ್ಣೊರೆಸಿಕೊಂಡರು. ಸರಸು ಒರೆಸಿಕೊಳ್ಳಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. ತನ್ನ ಗುಂಡನ್ನು ಸುತ್ತಿ ನೋಡದೆ ದಾರಕ್ಕೆ ಕಟ್ಟುವುದು ತನಗೆ ಮಾಡುವ ಮರ್ಯಾದೆಯಲ್ಲ, ಅವಮಾನ ಎಂದು ಕಂಬಳಿ, ಕಳಸ, ಹಿರಿಯರು ಯಾವುದನ್ನೂ ನೋಡದೆ ಅವನಿಗೆ ಚೆನ್ನಾಗಿ ಬೈದಳು. ಐವತ್ತೈದರ ಮೇಸ್ತ್ರಿ ತಲೆ ತಗ್ಗಿಸಿ ಬೈಸಿಕೊಂಡ. ಅವನ ಮುಖದಲ್ಲಿ ಆಗ ಮೊದಲ ಸಲ ಗೆಲುವು ಕಂಡಿತು.

ಗೋಡೆ ಕೆಡವುವುದು, ಕೆಡವಲು ಮನೆಗೊಬ್ಬ ಆಳು ಬರುವುದು, ಕಟ್ಟುವುದು ಜೆಯಕುಮಾರನೇ ಎಂದು ಸೇಕರ್ ತೀರ್ಪು ಹೇಳಿದರು. ಹೊಸ ಗುಂಡನ್ನೂ ಸರಸುವೇ ಮಾಡಬೇಕು ಎಂದರು. ಲೇಸರ್ ಪೆಟ್ಟಿಗೆಯೇ ಸಾಕಲ್ಲವೇ ಎಂದು ಒಬ್ಬ ಕೇಳಿದ್ದಕ್ಕೆ ಇಂದುಜಾ, ಪೆಟ್ಟಿಗೆ ಆಮೇಲೆ ನೋಡಲು ಇರಲಿ, ಮೊದಲ ದಾರ ಅತ್ತೆಯದೇ ಬೀಳಲಿ ಎಂದಳು.

ಸರಸು ಒಪ್ಪಿದಳು, ಒಂದು ಕಟ್ಟು ಹಾಕಿ. ಮನೆಮನೆಯ ಸೀಸ ಬರಲಿ, ಬೇಡವೆಂದರೆ ಯಾರೂ ಮುಖ ಸಣ್ಣದು ಮಾಡಬಾರದು.

ಮತ್ತೆ ಎಲೆ, ಮತ್ತೆ ಅರಿಶಿನ ಕುಂಕುಮ, ಮತ್ತೆ ಹಿತ್ತಲ ತುಂಬ ಸಾಲು. ಈ ಸಲ ಉಗುರು ಎಲ್ಲರೆದುರಿಗೇ ಇಳಿಯಿತು. ಬೇಡ ಎನ್ನುವಾಗ ಮೊದಮೊದಲು ಅವಳ ನಾಲಿಗೆ ತೊದಲಿತು, ಹತ್ತನೆಯವರಿಂದ ಸರಿಹೋಯಿತು. ಬೇಡವಾದ ತುಂಡನ್ನು ಎಲೆಯ ಸಮೇತ ಎರಡೂ ಕೈಯಲ್ಲಿ ಹಿಂದಿರುಗಿಸುತ್ತಿದ್ದಳು. ಸೇಕರ್ ಸರದಿ ಬಂದಾಗ ಸಾಲೆಲ್ಲ ಕತ್ತು ಉದ್ದ ಮಾಡಿತು. ಆ ಮನುಷ್ಯನ ಕೈಯಿಂದ ಬಂದದ್ದನ್ನು ಊರಲ್ಲಿ ಯಾರೂ ಬೇಡವೆಂದ ನೆನಪಿಲ್ಲ. ಉಗುರು ಜಾರಿತು. ಗಟ್ಟಿ ಮಾಮಾ, ಬೇಡ ಎಂದಳು. ಎಪ್ಪತ್ತರ ಹಿರಿಯರು ಎಲೆಯನ್ನು ಹಿಂದಕ್ಕೆ ಪಡೆದು, ಮನೆಗೆ ಹೋಗಿ ಹುಡುಕಾಡಿ ಇನ್ನೊಂದು ತುಂಡು ತಂದು ಸಾಲಿನ ಕೊನೆಯಲ್ಲಿ ನಿಂತರು. ಅದೂ ಗಟ್ಟಿಯೇ. ಮೂರನೆಯ ಸಲ ಅಟ್ಟದಿಂದ ಹಳೆಯ ನೀರಿನ ಕೊಳವೆಯ ಚೂರು ತಂದರು. ಅದರ ಮೇಲೆ ಗೆರೆ ಆಳವಾಗಿ ಬಿತ್ತು. ಅವಳು ಪಾತ್ರೆಗೆ ಹಾಕಿದಾಗ ಸೇಕರ್ ಪರೀಕ್ಷೆ ಪಾಸಾದ ಹುಡುಗನಂತೆ ಸುತ್ತ ನೋಡಿದರು. ನೂರಾ ಹನ್ನೆರಡರಲ್ಲಿ ಉಳಿದದ್ದು ಹತ್ತೊಂಬತ್ತು. ಕಡಿಮೆ ಬಿದ್ದದ್ದನ್ನು ಸರಸು ಗುಜರಿಯಿಂದ ಆರಿಸಿ ತಂದು ಕೂಡಿಟ್ಟ ಬೊಗಸೆಗಳಿಂದ ತುಂಬಿದಳು. ಗೂಟದ ಮೇಲೆ ಏಟು ಬಿದ್ದಾಗ ದಬ್ ಎಂದು ಕೇಳಿದ್ದು ಬೇಲಿಯಾಚೆ ನಿಂತವರಿಗೂ ತಿಳಿಯಿತು.

ಹಳೆ ಗೋಡೆ ಕೆಡವಿ, ಅದೇ ತಳಪಾಯದ ಮೇಲೆ ಗೋಡೆಯ ಮೊದಲ ಸಾಲು ಇಡುವ ದಿನ ಎಲ್ಲರೂ ನೆರೆದಿದ್ದರು. ಜೆಯಕುಮಾರ್ ಗುಂಡನ್ನು ದಾರಕ್ಕೆ ಕಟ್ಟಿದ. ಅರಿಶಿನ ಹಚ್ಚಿದ ಗುಂಡು. ಕೈ ಒಂದು ಕ್ಷಣ ಹಿಂಜರಿಯಿತು. ಸರಸು ಅವನನ್ನೇ ನೋಡುತ್ತಿದ್ದಳು. ಅವನು ಎಲ್ಲರೆದುರು ಅದನ್ನು ಗಿರ್ರನೆ ಸುತ್ತಿ ಬಿಟ್ಟ. ಮೊನೆ ಕದಲಲಿಲ್ಲ. ಇನ್ನೊಮ್ಮೆ ಸುತ್ತಿದ. ಮೂರನೆಯ ಸಲ ಸರಸು ಮುಂದೆ ಬಂದು ದಾರವನ್ನು ಅವನಿಂದ ಇಸಿದುಕೊಂಡು, ತನ್ನ ಕೈಯ ಮೇಲೆ ತನಗೇ ನಂಬಿಕೆ ಸಾಲದು ಎನ್ನುತ್ತಾ ತಾನೂ ಸುತ್ತಿ ನೋಡಿದಳು. ಮೊನೆ ನಿಂತೇ ಇತ್ತು. ದಾರವನ್ನು ಅವನ ಕೈಗೆ ಹಿಂದಕ್ಕೆ ಕೊಟ್ಟಳು.

"ಈಗ ಕಟ್ಟಪ್ಪಾ. ನಿನ್ನ ಸಾವಡಿ."